‘ಗಾಳಿ ಬಂದಾಗ ತೂರಿಕೋ’: ಯಾರಿಗೆ, ಯಾವಾಗ ಹೇಳಬೇಕು?

ಕನ್ನಡ ಕಲಿಯುವವರಿಗೆ ಪಾಠ ಹೇಳುವಾಗ ಈ ಗಾದೆ ಬಂದರೆ ನಾನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ‘ತೂರಿಕೋ’ ಅಂದರೆ ‘ಸಂದಿಯಲ್ಲಿ ನುಗ್ಗು’ ಅಂತ ಅಂದುಕೊಳ್ಳುವವರೇ ಜಾಸ್ತಿ. ಜನರ ನಡುವೆ ತೂರಿಕೊಂಡು ಹೋಗುತ್ತೇವೆ ಅಲ್ವಾ, ಹಾಗೆ. ಆದರೆ ಇದು ಕಣದ ಮಾತು. ಕಾಳು, ಹೊಟ್ಟು ಬೇರೆ ಮಾಡುವುದಕ್ಕೂ ತೂರುವುದು ಅಂತಲೇ ಹೆಸರು.

ನಮ್ಮಜ್ಜ ರಾಗಿ ತೂರುವುದನ್ನು ನಾನು ನೋಡಿದ್ದೇನೆ. ಒಕ್ಕಣೆ ಮುಗಿದು, ಕಾಳು ಹೊಟ್ಟು ಕಲೆತ ರಾಶಿ ಕಣದಲ್ಲಿ ಬಿದ್ದಿರುತ್ತಿತ್ತು. ಅಜ್ಜ ಆಗಾಗ ಒಂದು ಹಿಡಿ ಹೊಟ್ಟನ್ನು ಮೆಲ್ಲಗೆ ಕೈಬಿಟ್ಟು ನೋಡುತ್ತಿದ್ದರು. ನೆಟ್ಟಗೆ ಕಾಲಬುಡಕ್ಕೆ ಬಿದ್ದರೆ ಮತ್ತೆ ಕೂರುವುದು. ಪಕ್ಕಕ್ಕೆ ಸರಿಯಿತೋ, ಥಟ್ಟನೆ ಎದ್ದು, ಮೊರವನ್ನು ತಲೆ ಮೇಲೆತ್ತಿ ಸಣ್ಣಗೆ ಸುರಿಯುತ್ತಿದ್ದರು. ಭಾರದ ಕಾಳು ಕೆಳಗೆ, ಹಗುರದ ಹೊಟ್ಟು ದೂರಕ್ಕೆ. ಆಗ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಗಾಳಿ ನಿಂತರೆ ಮತ್ತೆ ಯಾವಾಗಲೋ!

ಹಾಗಾಗಿ ಸುಮ್ನೆ ಎಲ್ಲರಿಗೂ ಈ ಮಾತು ಹೇಳಬೇಡಿ. ಅವಕಾಶ ತಾನಾಗಿ ಬಂದಿರಬೇಕು, ಬೇಗ ಹೋಗುವಂಥದ್ದಾಗಿರಬೇಕು. ಕೇಳುವವರ ಒಕ್ಕಣೆಯೂ ಮುಗಿದಿರಬೇಕು. ನನಗೆ ಈ ಕೊನೆಯದೇ ಮುಖ್ಯ. ವರ್ಷಗಟ್ಟಲೆ ಸಂಗೀತ ಕಲಿತ ಹುಡುಗಿ ಇದ್ದಾಳೆ ಅನ್ನಿ. ಹಾಡಬೇಕಾಗಿದ್ದವರು ಬರಲಿಲ್ಲ, ವೇದಿಕೆ ಇವಳ ಪಾಲಿಗೆ ಬಂತು. ಹಿಂಜರಿಯುತ್ತಾ ನಿಂತಿದ್ದಾಳೆ. ಆಗ ‘ಗಾಳಿ ಬಂದಿದೆ ಕಣೇ, ತೂರಿಕೋ’ ಅನ್ನಿ. ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಹಿರಿಯರಿಗಾದರೆ ‘ತೂರಿಕೊಳ್ಳಿ’. ತಾಳವೇ ಗೊತ್ತಿಲ್ಲದವಳಿಗೆ ಇದೇ ಮಾತು ಹೇಳಿದರೆ ಬರೀ ಹುರಿದುಂಬಿಸಿದ ಹಾಗಾಗುತ್ತದೆ ಅಷ್ಟೇ.

‘ಕೊಳ್ಳು’ ಸೇರಿರುವುದನ್ನೂ ಗಮನಿಸಿ. ತನಗೋಸ್ಕರ ಮಾಡಿಕೊಳ್ಳುವುದು ಅಂತ ಅರ್ಥ. ಅದಕ್ಕೇ ಈ ಮಾತಿಗೆ ಇನ್ನೊಂದು ಮುಖವೂ ಇದೆ. ‘ಬಂದಾಗ’ ಹೋಗಿ ‘ಬಂದ ಕಡೆ’ ಆದರೆ ಬೈಗುಳವೇ ಆಗುತ್ತದೆ. ‘ಅವನು ಗಾಳಿ ಬಂದ ಕಡೆ ತೂರಿಕೊಳ್ಳೋನು’ ಅಂದರೆ ಅವನಿಗೆ ನಿಲುವಿಲ್ಲ, ಲಾಭ ಕಂಡತ್ತ ವಾಲುತ್ತಾನೆ ಅಂತ. ಒಬ್ಬರ ಗೆಲುವನ್ನು ಮೆಚ್ಚಿ ಮಾತಾಡುವಾಗ ಇಲ್ಲಿ ನಾಲಿಗೆ ತಪ್ಪಬಾರದು.

ಬರೀ ಅಪರೂಪ ಅಂತ ಹೇಳಬೇಕಾದರೆ ಗಾಳಿ ಬೇಡ, ಅತ್ತಿ ಹೂ ಸಾಕು. ಅತ್ತಿಯ ಹೂಗಳು ಕಾಯಿಯೊಳಗೇ ಅಡಗಿರುತ್ತವೆ, ಕಣ್ಣಿಗೆ ಬೀಳುವುದಿಲ್ಲ. ಎಷ್ಟೋ ದಿನಕ್ಕೆ ಬಂದ ಗೆಳತಿಗೆ ಬಾಗಿಲಲ್ಲೇ ‘ಏನೇ, ಅತ್ತಿ ಹೂ ಕಂಡ ಹಾಗಾಯ್ತಲ್ಲೇ!’ ಅನ್ನಬಹುದು.