ಡಾಲರ್ ಕೊಳ್ಳುವ ಮುನ್ನ, ಕಾರ್ಡ್ ಉಜ್ಜುವ ಮುನ್ನ

ಮಗಳ ಬಾಣಂತನಕ್ಕೆ, ಮಗನ ಹೊಸ ಮನೆ ನೋಡಲಿಕ್ಕೆ, ಇಲ್ಲವೇ ಟೂರಿನವರ ಜೊತೆ ಯುರೋಪ್ ಸುತ್ತಲಿಕ್ಕೆ ಎಂದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ವಿದೇಶಕ್ಕೆ ಹೊರಡುವವರಿಗೆ ಈಗ ಬರವಿಲ್ಲ. ಕಳ್ಳರಿಗೆ ಹೆದರಿ ಒಳಜೇಬು ಹೊಲಿಸಿಕೊಳ್ಳುತ್ತಾರೆ, ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಾರೆ. ದುಡ್ಡು ಸೋರುವುದು ಮಾತ್ರ ಬೇರೆ ಕಡೆ: ರೂಪಾಯಿ ಡಾಲರ್ ಆಗುವಾಗ, ಡಾಲರ್ ಮತ್ತೊಂದಾಗುವಾಗ. ಪ್ರತಿ ಬದಲಾವಣೆಗೂ ಒಂದು ಕಡಿತ ಇದ್ದೇ ಇರುತ್ತದೆ. ಆದ್ದರಿಂದ ಒಂದೇ ಸಲ ಬದಲಾಯಿಸಿ, ಅದನ್ನೂ ವಿಚಾರಿಸಿ ಬದಲಾಯಿಸಿ.

1. ದುಡ್ಡನ್ನು ಮೂರು ಪಾಲು ಮಾಡಿ

ಸ್ವಲ್ಪ ನಗದು, ಬಹುಪಾಲು ಫಾರೆಕ್ಸ್ ಕಾರ್ಡಿನಲ್ಲಿ (ವಿದೇಶಿ ಹಣವನ್ನು ಮೊದಲೇ ತುಂಬಿಸಿಟ್ಟುಕೊಳ್ಳುವ ಕಾರ್ಡ್), ಆಪತ್ತಿಗೆ ಒಂದು ಕ್ರೆಡಿಟ್ ಕಾರ್ಡ್. ಮಕ್ಕಳ ಮನೆಯಲ್ಲಿ ಉಳಿಯುವ ಹಿರಿಯರಿಗೆ 200–300 ಡಾಲರ್ ನಗದು ಧಾರಾಳ ಸಾಕು. ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ನೋಟು ಒಯ್ಯಲು ರಿಸರ್ವ್ ಬ್ಯಾಂಕ್ ಬಿಡುತ್ತದೆ. ಬಿಡುತ್ತದೆ ಎಂದು ಅಷ್ಟನ್ನೂ ಒಯ್ಯಬೇಕಿಲ್ಲ. ಕಳೆದ ಕಾರ್ಡನ್ನು ಫೋನ್ ಮಾಡಿ ಬಂದ್ ಮಾಡಿಸಬಹುದು, ಕಳೆದ ನೋಟಿಗೆ ಯಾರಿಗೆ ಫೋನ್ ಮಾಡುತ್ತೀರಿ?

2. ಕೊಳ್ಳುವುದು

ಅಡಿಕೆ ಮಂಡಿಯಲ್ಲಿ ರಾಶಿಗೆ ಇವತ್ತು ಎಷ್ಟು, ಬೆಟ್ಟೆಗೆ ಎಷ್ಟು ಎಂದು ನಾಲ್ಕು ಕಡೆ ಫೋನ್ ಹಚ್ಚುವ ನಮ್ಮವರು ಡಾಲರ್ ಕೊಳ್ಳುವಾಗ ಮೊದಲ ಅಂಗಡಿಯಲ್ಲೇ ಕೈ ಎತ್ತಿಬಿಡುತ್ತಾರೆ. ಇಲ್ಲೂ ಮಂಡಿಯ ಬುದ್ಧಿಯೇ ಬೇಕು. ಗೂಗಲ್‌ನಲ್ಲಿ ಕಾಣುವ ದರ ಬ್ಯಾಂಕು ಬ್ಯಾಂಕುಗಳ ನಡುವಿನದು, ನಮಗೆ ಸಿಗುವುದಿಲ್ಲ. ಆದರೆ ಅಳೆಯುವ ಕೋಲು ಅದೇ. ನಿಮ್ಮ ಬ್ಯಾಂಕು, ಪರವಾನಗಿ ಇರುವ ಇಬ್ಬರು ಹಣ ವಿನಿಮಯದವರು, ಈ ಮೂವರನ್ನೂ ಒಂದೇ ದಿನ ಒಂದೇ ಪ್ರಶ್ನೆ ಕೇಳಿ: "2,000 ಡಾಲರ್ ಕಾರ್ಡಿಗೆ ಹಾಕಿಸಿದರೆ ಎಲ್ಲ ಸೇರಿ ನಾನು ಎಷ್ಟು ರೂಪಾಯಿ ಕೊಡಬೇಕು?" ದರ ಎಷ್ಟು ಎಂದು ಮಾತ್ರ ಕೇಳಿದರೆ ದರ ಇಳಿಸಿ ಹೇಳಿ ಶುಲ್ಕ ಏರಿಸುತ್ತಾರೆ. ಡಾಲರಿಗೆ ಎರಡು ರೂಪಾಯಿ ವ್ಯತ್ಯಾಸ ಬಂದರೂ 2,000 ಡಾಲರಿಗೆ 4,000 ರೂಪಾಯಿ ಆಯಿತು. ಜಿಎಸ್‌ಟಿ ಇದೆ, ಆದರೆ ಅದು ಸಣ್ಣದು. ಒಂದು ಲಕ್ಷ ರೂಪಾಯಿಯ ವಿನಿಮಯಕ್ಕೆ 180 ರೂಪಾಯಿ. ಜಿಎಸ್‌ಟಿ ಹೆಸರು ಹೇಳಿ ಸಾವಿರಾರು ಕೇಳಿದರೆ ಎದ್ದು ಬನ್ನಿ.

ಪಾಸ್‌ಪೋರ್ಟ್, ಪ್ಯಾನ್, ವೀಸಾ, ಟಿಕೆಟ್ ಒಯ್ಯಿರಿ. 50,000 ರೂಪಾಯಿಗಿಂತ ಹೆಚ್ಚಿನದಾದರೆ ಖಾತೆಯಿಂದಲೇ ಪಾವತಿಸಬೇಕು. ಹೊರಡುವ ದಿನಕ್ಕೆ 60 ದಿನಕ್ಕಿಂತ ಮುಂಚೆ ಕೊಳ್ಳುವ ಹಾಗಿಲ್ಲ. ಒಂದು ಆರ್ಥಿಕ ವರ್ಷದಲ್ಲಿ ಹೀಗೆ ಕೊಂಡದ್ದು, ಕಳಿಸಿದ್ದು ಎಲ್ಲ ಸೇರಿ 10 ಲಕ್ಷ ರೂಪಾಯಿ ದಾಟದಿದ್ದರೆ ಟಿಸಿಎಸ್ (ಕೊಳ್ಳುವಾಗಲೇ ಹಿಡಿದುಕೊಳ್ಳುವ ತೆರಿಗೆ) ಚಿಂತೆ ಇಲ್ಲ.

ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಬೆಂಗಳೂರಿಗೆ ಹಾರಿ, ದೇವನಹಳ್ಳಿಯಲ್ಲಿ ಕಾಯುವ ಹೊತ್ತಿಗೆ ಅಲ್ಲೇ ಕೌಂಟರಿನಲ್ಲಿ ಕೊಂಡರಾಯಿತು ಎಂಬ ಆಲೋಚನೆ ಬೇಡ. ವಿಮಾನ ನಿಲ್ದಾಣದ ಕೌಂಟರಿನವರಿಗೆ ಗೊತ್ತು, ನಿಮಗೆ ಇನ್ನೊಂದು ಅಂಗಡಿ ಇಲ್ಲ ಅಂತ. "ಇಲ್ಲಿ ನಮ್ಮ ಹುಡುಗನಿಗೆ ರೂಪಾಯಿ ಕೊಡಿ, ಅಲ್ಲಿ ನಮ್ಮವರು ದಿರ್ಹಮ್ ಕೊಡುತ್ತಾರೆ" ಎನ್ನುವ ಪರಿಚಯಸ್ಥರು ಗಲ್ಫ್‌ಗೆ ಹೋಗುವವರಿಗೆ ಸಿಗುತ್ತಾರೆ. ಅದು ಹವಾಲಾ. ದರ ಎಷ್ಟೇ ಚೆನ್ನಾಗಿರಲಿ, ರಶೀದಿ ಇಲ್ಲದ ಕಡೆ ದುಡ್ಡು ಬಿಚ್ಚಬೇಡಿ.

ಕಾರ್ಡಿಗೆ ಯಾವ ಕರೆನ್ಸಿ ತುಂಬಿಸುತ್ತೀರಿ ನೋಡಿಕೊಳ್ಳಿ. ಯುರೋಪಿಗೆ ಯೂರೋ, ದುಬೈಗೆ ದಿರ್ಹಮ್. ಡಾಲರ್ ತುಂಬಿಸಿಕೊಂಡು ಪ್ಯಾರಿಸ್‌ನಲ್ಲಿ ಉಜ್ಜಿದರೆ ಎರಡನೇ ಬದಲಾವಣೆ, ಎರಡನೇ ಕಡಿತ. ಕೌಂಟರಿನಲ್ಲಿ "ಡಾಲರ್ ಎಲ್ಲಾ ಕಡೆ ನಡೆಯುತ್ತೆ ಸಾರ್" ಎಂದರೆ ನಡೆಯುವುದು ಹೌದು, ಕಡಿತದ ಜೊತೆಗೆ. ವಿಯೆಟ್ನಾಂನಂಥ ದೇಶಗಳ ಮಾತು ಬೇರೆ. ಅಲ್ಲಿಯ ನೋಟು ಇಲ್ಲಿ ಸಿಗುವುದು ಕಷ್ಟ. ಡಾಲರ್ ನೋಟು ಒಯ್ದು ಅಲ್ಲೇ ಬದಲಾಯಿಸಿ. ಗರಿಗರಿ ನೋಟೇ ಕೇಳಿ ತೆಗೆದುಕೊಳ್ಳಿ. ಮಡಿಕೆ ಬಿದ್ದದ್ದು, ಪೆನ್ನಿನಲ್ಲಿ ಗೀಚಿದ್ದು ಕೊಟ್ಟರೆ ಅಲ್ಲಿ ಮುಟ್ಟುವುದಿಲ್ಲ.

3. ಹೊರಡುವ ಹಿಂದಿನ ವಾರ

ಬ್ಯಾಂಕಿನ ಆ್ಯಪ್‌ನಲ್ಲಿ ಕ್ರೆಡಿಟ್ ಕಾರ್ಡಿನ ವಿದೇಶಿ ಬಳಕೆ ಚಾಲೂ ಮಾಡಿ. 2020ರಿಂದ ಹೊಸ ಕಾರ್ಡುಗಳಲ್ಲಿ ಅದು ಮೊದಲಿಗೆ ಬಂದ್ ಆಗಿಯೇ ಬರುತ್ತದೆ. ಅಂಗಡಿ ಬಳಕೆ ಮಾತ್ರ ತೆರೆಯಿರಿ, ಆನ್‌ಲೈನ್ ಮುಚ್ಚಿಡಿ. ಎಷ್ಟೋ ವಿದೇಶಿ ವೆಬ್‌ಸೈಟುಗಳು ಒಟಿಪಿ ಕೇಳದೆಯೇ ಹಣ ಎಳೆದುಕೊಳ್ಳುತ್ತವೆ. ಸಿಮ್‌ನ ರೋಮಿಂಗ್ ಇಲ್ಲಿರುವಾಗಲೇ ಚಾಲೂ ಮಾಡಿಸಿ, ಬ್ಯಾಂಕಿನ ಸಂದೇಶಗಳು ಬರುವುದು ಆ ನಂಬರಿಗೇ. ಪಿನ್ ನೆನಪಿನಲ್ಲಿರಲಿ, ಕಾರ್ಡಿನ ಹಿಂದೆ ಬರೆಯಬೇಡಿ. ಎರಡು ಕಾರ್ಡು ಎರಡು ಚೀಲದಲ್ಲಿ.

4. ಮೆಷಿನ್ ಕೇಳುವ ಪ್ರಶ್ನೆ

ಹೆಚ್ಚಿನವರು ಎಡವುವುದು ಇಲ್ಲಿ, ಅದೂ ಎಡವಿದ್ದು ಗೊತ್ತೇ ಆಗದ ಹಾಗೆ.

ಹೋಟೆಲಿನಲ್ಲಿ ಊಟ ಮುಗಿಯಿತು, ಬಿಲ್ 100 ಡಾಲರ್. ಕಾರ್ಡ್ ಹಾಕುತ್ತಲೇ ಅದು ಭಾರತದ್ದೆಂದು ಮೆಷಿನ್‌ಗೆ ತಿಳಿಯುತ್ತದೆ. ಪರದೆಯಲ್ಲಿ ಎರಡು ಆಯ್ಕೆ: ಡಾಲರಿನಲ್ಲಿ ಕೊಡುತ್ತೀರೋ, ರೂಪಾಯಿಯಲ್ಲೋ? ಪರದೇಶದಲ್ಲಿ ನಮ್ಮ ರೂಪಾಯಿ ಕಂಡ ಖುಷಿಗೆ ಬೆರಳು ಅದರ ಮೇಲೇ ಹೋಗುತ್ತದೆ. ಕೆಲವು ಕಡೆ ಮಾಣಿಯೇ ಒತ್ತಿ ರಶೀದಿ ಕೈಗಿಡುತ್ತಾನೆ.

ರೂಪಾಯಿ ಒತ್ತಿದರೆ ದರ ನಿಗದಿ ಮಾಡುವವರು ಆ ಅಂಗಡಿಯ ಪರವಾಗಿ ಮೆಷಿನ್ ನಡೆಸುವವರು. ಲೆಕ್ಕ ಸುಲಭವಾಗಲಿ ಎಂದು ಡಾಲರಿಗೆ 90 ರೂಪಾಯಿ ಅಂದುಕೊಳ್ಳಿ. ಶೇ 5 ಸೇರಿಸಿದರೆಂದರೆ 9,000ದ ಊಟ 9,450 ಆಗುತ್ತದೆ. ರೂಪಾಯಿಯಲ್ಲೇ ಕೊಟ್ಟೆನಲ್ಲ, ಬ್ಯಾಂಕಿನ ವಿದೇಶಿ ಶುಲ್ಕವಾದರೂ ತಪ್ಪಿತು ಎಂದುಕೊಳ್ಳಬೇಡಿ. ವಿದೇಶಿ ಅಂಗಡಿಯಲ್ಲಿ ನಡೆದ ರೂಪಾಯಿ ವ್ಯವಹಾರಕ್ಕೂ ಹಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಫಾರೆಕ್ಸ್ ಕಾರ್ಡಿನಲ್ಲಂತೂ ಇದು ಶುದ್ಧ ಮೂರ್ಖತನ. ಕಾರ್ಡಿನಲ್ಲಿರುವುದು ಡಾಲರ್, ಬಿಲ್ಲೂ ಡಾಲರ್, ನಡುವೆ ರೂಪಾಯಿಯನ್ನು ತಂದು ಕೂರಿಸಿ ಎರಡೂ ಕಡೆ ಕಡಿತ ಕೊಟ್ಟ ಹಾಗಾಯಿತು.

ಆದ್ದರಿಂದ ಯಾವಾಗಲೂ ಆ ದೇಶದ ಕರೆನ್ಸಿಯನ್ನೇ ಒತ್ತಿ. ರಶೀದಿಯಲ್ಲಿ ರೂಪಾಯಿ ಕಂಡರೆ ಅಲ್ಲೇ ನಿಂತು ರದ್ದು ಮಾಡಿಸಿ, ಮತ್ತೆ ಹಾಕಿಸಿ. ದಾಕ್ಷಿಣ್ಯ ಬೇಡ. ಮೆಷಿನ್ ನಿಮ್ಮ ಕಡೆ ತಿರುಗಿಸಲು ಹೇಳಿ, ಓದಿ, ಆಮೇಲೆ ಪಿನ್.

ಎಟಿಎಂನಲ್ಲಿ ಇದೇ ಪ್ರಶ್ನೆ ಇನ್ನಷ್ಟು ಹೆದರಿಸುವ ಹಾಗಿರುತ್ತದೆ. ಒಂದು ಗುಂಡಿ "ಆಕ್ಸೆಪ್ಟ್ ಕನ್ವರ್ಷನ್", ಇನ್ನೊಂದು "ಡಿಕ್ಲೈನ್ ಕನ್ವರ್ಷನ್". ಡಿಕ್ಲೈನ್ ಎಂದರೆ ಹಣವೇ ಬರುವುದಿಲ್ಲ ಎಂದು ಹೆದರಿ ಆಕ್ಸೆಪ್ಟ್ ಒತ್ತುತ್ತಾರೆ. ಡಿಕ್ಲೈನ್ ಒತ್ತಿದರೂ ಹಣ ಬರುತ್ತದೆ. ತಿರಸ್ಕರಿಸಿದ್ದು ಆ ಮೆಷಿನ್‌ನ ದರವನ್ನು ಮಾತ್ರ. ಪ್ರತಿ ಸಲವೂ ಶುಲ್ಕ ಇರುವುದರಿಂದ ನಾಲ್ಕು ಸಲ ಐವತ್ತರ ಬದಲು ಒಂದೇ ಸಲ ಇನ್ನೂರು ತೆಗೆಯಿರಿ. ಪ್ರವಾಸಿಗರು ತುಂಬಿದ ಬೀದಿಯ ಒಂಟಿ ಎಟಿಎಂ ಬಿಟ್ಟು ಬ್ಯಾಂಕಿನ ಗೋಡೆಯಲ್ಲಿರುವುದನ್ನು ಹುಡುಕಿ. ಕ್ರೆಡಿಟ್ ಕಾರ್ಡಿನಿಂದ ನಗದು ಬೇಡವೇ ಬೇಡ, ಅದಕ್ಕೆ ಬಡ್ಡಿ ಅದೇ ದಿನದಿಂದ ಶುರು.

ಕ್ರೆಡಿಟ್ ಕಾರ್ಡಿಗೂ ಒಂದು ಕೆಲಸ ಇದೆ. ಬಾಡಿಗೆ ಕಾರು, ಹೋಟೆಲಿನವರು ಮುಂಗಡವಾಗಿ ಹಣ ತಡೆಹಿಡಿಯುತ್ತಾರೆ. ಅಲ್ಲಿ ಫಾರೆಕ್ಸ್ ಕಾರ್ಡ್ ಕೊಟ್ಟರೆ ನಿಮ್ಮ ಖರ್ಚಿನ ದುಡ್ಡೇ ದಿನಗಟ್ಟಲೆ ಸಿಕ್ಕಿಬೀಳುತ್ತದೆ. ಉಳಿದ ಖರೀದಿಗೆ ಕ್ರೆಡಿಟ್ ಕಾರ್ಡ್ ದುಬಾರಿ. ಸಾಮಾನ್ಯವಾಗಿ ಶೇ 3.5 ಶುಲ್ಕ, ಅದರ ಮೇಲೆ ಜಿಎಸ್‌ಟಿ ಸೇರಿ ಶೇ 4.13.

ಫೋನ್‌ಪೇ, ಗೂಗಲ್‌ಪೇ ನಡೆಯುತ್ತದೆಯೇ ಎಂದು ಕೇಳುವವರಿಗೆ: ಸಿಂಗಪುರ, ಯುಎಇ, ನೇಪಾಳ, ಭೂತಾನ್, ಶ್ರೀಲಂಕಾ, ಮಾರಿಷಸ್‌ನ ಆಯ್ದ ಅಂಗಡಿಗಳಲ್ಲಿ ಯುಪಿಐ ಇದೆ. ಅದನ್ನೇ ನಂಬಿ ಹೊರಡಬೇಡಿ.

5. ಮರಳಿದ ಮೇಲೆ

2,000 ಡಾಲರ್ ಮೌಲ್ಯದವರೆಗಿನ ನೋಟು ಮನೆಯಲ್ಲಿಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ 180 ದಿನದೊಳಗೆ ಬದಲಾಯಿಸಿಕೊಳ್ಳಬೇಕು. ಚಿಲ್ಲರೆ ನಾಣ್ಯ ಇಲ್ಲಿ ಯಾರೂ ಕೊಳ್ಳುವುದಿಲ್ಲ, ಅಲ್ಲಿಯ ವಿಮಾನ ನಿಲ್ದಾಣದಲ್ಲೇ ಚಹಾ ಕುಡಿದು ಮುಗಿಸಿ ಬನ್ನಿ. ಫಾರೆಕ್ಸ್ ಕಾರ್ಡಿನಲ್ಲಿ ಉಳಿದದ್ದನ್ನು ಆ ತಿಂಗಳೇ ವಾಪಸ್ ಮಾಡಿಸಿ. ಬಳಸದೆ ಬಿಟ್ಟರೆ ಅದಕ್ಕೂ ಶುಲ್ಕ ಹಿಡಿಯುವ ಬ್ಯಾಂಕುಗಳಿವೆ. ಕ್ರೆಡಿಟ್ ಕಾರ್ಡಿನ ವಿದೇಶಿ ಬಳಕೆಯನ್ನು ಮನೆ ಮುಟ್ಟಿದ ದಿನವೇ ಬಂದ್ ಮಾಡಿ.