ಪಂಕ್ ಪೋಸ್ಟರ್ ಕೊಳ್ಳುವ ಮುನ್ನ: ಅಸಲಿ ಕಾಗದ ಗುರುತಿಸುವುದು ಹೀಗೆ

ಪಂಕ್ ರಾಕ್ ಅಂದರೆ 1970ರ ದಶಕದಲ್ಲಿ ಎದ್ದ ಒರಟು, ಬಂಡಾಯದ ರಾಕ್ ಸಂಗೀತ. ಅದರ ಪೋಸ್ಟರ್ ಅಂದ ಕೂಡಲೇ ನೆನಪಾಗುವುದು ರಾಣಿ ಎಲಿಜಬೆತ್ ಮುಖ. ಕಣ್ಣು, ಬಾಯಿ ಇರಬೇಕಾದ ಕಡೆ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದಂಥ ಅಕ್ಷರಗಳು. 1977ರಲ್ಲಿ ಬ್ರಿಟನ್ನಿನ ಸೆಕ್ಸ್ ಪಿಸ್ಟಲ್ಸ್ ತಂಡಕ್ಕೆ ಕಲಾವಿದ ಜೇಮಿ ರೀಡ್ ಮಾಡಿಕೊಟ್ಟಿದ್ದು. ಹೊಸಬರು ಇದರ ತಂಟೆಗೆ ಹೋಗದಿರುವುದೇ ಒಳ್ಳೆಯದು. ಬೆಲೆ ಜಾಸ್ತಿ, ನಕಲು ಇನ್ನೂ ಜಾಸ್ತಿ.

ಫ್ಲೈಯರ್‌ಗಳಿಂದ ಶುರು ಮಾಡಿ. ಶೋಗೆ ಮುಂಚೆ ಜೆರಾಕ್ಸ್ ಹೊಡೆಸಿ ಕಂಬಗಳಿಗೆ ಅಂಟಿಸುತ್ತಿದ್ದ ಒಂಟಿ ಹಾಳೆಗಳಿವು. ಪಂಕ್‌ನ ನಿಜವಾದ ಕಲೆ ಇರುವುದು ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್ ತಂಡಕ್ಕೆ ರೇಮಂಡ್ ಪೆಟಿಬೋನ್ ಕಪ್ಪು ಇಂಕಿನಲ್ಲಿ ಚಿತ್ರ ಬರೆದು, ಪಕ್ಕದಲ್ಲಿ ಒಂದು ಕಿರಿಕಿರಿಯ ಮಾತು ಸೇರಿಸುತ್ತಿದ್ದರು. ತಂಡದ ನಾಲ್ಕು ಕಪ್ಪು ಪಟ್ಟಿಗಳ ಲಾಂಛನವೂ ಅವರದೇ. ಸ್ಯಾನ್ ಫ್ರಾನ್ಸಿಸ್ಕೊದ ಡೆಡ್ ಕೆನಡೀಸ್‌ಗೆ ವಿನ್‌ಸ್ಟನ್ ಸ್ಮಿತ್ ಹಳೆಯ ಮ್ಯಾಗಜಿನ್ ಚಿತ್ರಗಳನ್ನು ಕತ್ತರಿಸಿ ಕೊಲಾಜ್ ಮಾಡುತ್ತಿದ್ದರು. ಇವರ ಹಾಳೆಗಳೂ ಈಗ ಅಗ್ಗವಲ್ಲ. ಅದೇ ಊರಿನ, ಯಾರೂ ನೆನಪಿಡದ ತಂಡಗಳದ್ದು ಕೈಗೆಟುಕುತ್ತದೆ.

ಆಮೇಲೆ ಒಂದೇ ಊರು, ನಾಲ್ಕೈದು ವರ್ಷ ಅಂತ ಗಡಿ ಹಾಕಿಕೊಳ್ಳಿ. ಲಾಸ್ ಏಂಜಲೀಸ್ 1979ರಿಂದ 83, ಸುಮ್ನೆ ಒಂದು ಉದಾಹರಣೆಗೆ. ಹೀಗೆ ಮಾಡಿದರೆ ಕ್ಲಬ್‌ಗಳ ಹೆಸರು, ವಿಳಾಸ, ಟಿಕೆಟ್ ದರ ಎಲ್ಲ ಬಾಯಿಪಾಠವಾಗುತ್ತದೆ. ನಕಲು ಹಿಡಿಯಲು ಅದೇ ಬೇಕು.

ಈಗ ಮುಖ್ಯ ಕೆಲಸ, ಪರೀಕ್ಷೆ. ಮೊದಲು ಸ್ಕೇಲ್ ಹಿಡಿಯಿರಿ. ಅಮೆರಿಕದ ಜೆರಾಕ್ಸ್ ಹಾಳೆ ಸಾಮಾನ್ಯವಾಗಿ ಎಂಟೂವರೆ ಇಂಚು ಅಗಲ, ಹನ್ನೊಂದು ಇಂಚು ಉದ್ದ. ಕ್ಯಾಲಿಫೋರ್ನಿಯಾದ ಫ್ಲೈಯರ್ ಎ4 ಅಳತೆಯಲ್ಲಿ ಬಂದಿದ್ದರೆ ಅನುಮಾನ ಪಡಿ.

ಫೋನ್ ನಂಬರ್ ಓದಿ. ಲಾಸ್ ಏಂಜಲೀಸ್‌ನ ಕೋಡ್ 213 ಆಗಿತ್ತು. 818 ಬಂದಿದ್ದು 1984ರಲ್ಲಿ, 310 ಬಂದಿದ್ದು 1991ರಲ್ಲಿ. 1981ರದ್ದು ಅನ್ನುವ ಹಾಳೆಯಲ್ಲಿ 310 ಕಂಡರೆ ಮಾತು ಅಲ್ಲಿಗೇ ಮುಗಿಯಿತು. ಲಂಡನ್ ನಂಬರುಗಳಿಗೂ 1990ರವರೆಗೆ 01 ಕೋಡ್ ಇತ್ತು. ಬಹುಪಾಲು ಫ್ಲೈಯರ್‌ಗಳಲ್ಲಿ ಇಸವಿಯೇ ಇರುವುದಿಲ್ಲ, ವಾರ ಮತ್ತು ತಾರೀಕು ಮಾತ್ರ. ಕ್ಯಾಲೆಂಡರ್ ತೆಗೆಯಿರಿ. ಅಕ್ಟೋಬರ್ 19 ಶುಕ್ರವಾರ ಬಿದ್ದಿದ್ದು 1979ರಲ್ಲಿ, ಆಮೇಲೆ 1984ರಲ್ಲಿ. ನಡುವಿನ ಯಾವ ವರ್ಷವೂ ಅಲ್ಲ.

ಇನ್ನು ಬೆರಳು. ನಕಲು ಮಾಡುವವರು ಕಂಬದಿಂದ ಕಿತ್ತ ಹಳೆಯ ಹಾಳೆಯನ್ನೇ ಮತ್ತೆ ಜೆರಾಕ್ಸ್ ಮಾಡುತ್ತಾರೆ, ಅಲ್ವಾ? ಆಗ ಅದರ ಮಡಿಕೆ, ಪಿನ್ನಿನ ತೂತು, ಟೇಪಿನ ಅಂಚು ಎಲ್ಲ ಹೊಸ ಹಾಳೆಯಲ್ಲಿ ನೆರಳಾಗಿ ಮೂಡುತ್ತವೆ. ಕಣ್ಣಿಗೆ ಮಡಿಕೆ ಕಾಣುತ್ತದೆ, ಸವರಿದರೆ ಹಾಳೆ ನುಣ್ಣಗಿರುತ್ತದೆ. ಇಂಥದ್ದನ್ನು ಕೊಳ್ಳಬೇಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಇನ್ನೂ ಅನುಕೂಲ. ಆಫ್‌ಸೆಟ್‌ನಲ್ಲಿ ಅಚ್ಚಾದ ಬಣ್ಣದ ಪೋಸ್ಟರಿನಲ್ಲಿ ಚುಕ್ಕಿಗಳು ಸಾಲಾಗಿ ಇರುತ್ತವೆ. ಇಂಕ್‌ಜೆಟ್ ಪ್ರಿಂಟ್‌ನಲ್ಲಿ ಎರಚಿದಂತೆ ಚದುರಿರುತ್ತವೆ. ನೇರಳಾತೀತ ದೀಪವನ್ನು ಮಾತ್ರ ನಂಬಿಕೊಂಡು ಕೂರಬೇಡಿ. ಆ ಬೆಳಕಿನಲ್ಲಿ ಕಾಗದ ಹೊಳೆದರೆ ಹೊಸದು ಅನ್ನುವ ಲೆಕ್ಕ 1930ರ ಸಿನಿಮಾ ಪೋಸ್ಟರಿಗೆ ಸರಿ. ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸುವುದು ಪಂಕ್ ಹುಟ್ಟುವ ಮುಂಚೆಯೇ ಶುರುವಾಗಿತ್ತು, ಹಾಗಾಗಿ ಅಸಲಿಯೂ ಹೊಳೆಯಬಹುದು.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಹಾಳೆಯ ಹಿಂಬದಿಯ ಫೋಟೊ ಕೇಳಿ, ಬೆಳಕು ಓರೆಯಾಗಿ ಬೀಳಬೇಕು. ಕಳಿಸಲು ಒಪ್ಪದವರ ಹತ್ತಿರ ವ್ಯವಹಾರ ಬೇಡ.

ಹಾಳೆ ಮನೆಗೆ ಬಂದಮೇಲೆ ಲ್ಯಾಮಿನೇಷನ್ ಮಾತೇ ಎತ್ತಬೇಡಿ. ಹರಿದ ಕಡೆ ಸೆಲ್ಲೊ ಟೇಪನ್ನೂ ಹಚ್ಚಬೇಡಿ. ಸ್ಟೇಷನರಿ ಅಂಗಡಿಯ ಮೆತ್ತನೆಯ ಪಿವಿಸಿ ಕವರ್‌ಗಳೂ ಆಗದು. ಜೆರಾಕ್ಸ್ ಟೋನರ್ ಅದಕ್ಕೆ ಅಂಟಿಕೊಳ್ಳುತ್ತದೆ, ತೆಗೆಯುವಾಗ ಅಕ್ಷರ ಕವರಿನ ಮೇಲೆ, ಖಾಲಿ ಕಾಗದ ನಿಮ್ಮ ಕೈಯಲ್ಲಿ! ಪಾಲಿಯೆಸ್ಟರ್ ಕವರ್, ಹಿಂದೆ ಆಮ್ಲರಹಿತ ರಟ್ಟು, ಇಷ್ಟು ಸಾಕು. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಹೊರಗೋಡೆಗೆ ತಾಗದಂತೆ ಇಡಬೇಕು. ಇಲ್ಲದಿದ್ದರೆ ಬೂಷ್ಟು ಖಂಡಿತ. ಯಾರಿಂದ, ಯಾವಾಗ, ಎಷ್ಟಕ್ಕೆ ಕೊಂಡಿರಿ ಎಂಬುದನ್ನು ಬೇರೆ ಚೀಟಿಯಲ್ಲಿ ಬರೆದಿಡಿ, ಹಾಳೆಯ ಮೇಲಲ್ಲ. ಗೋಡೆಯ ಮೇಲೆ ನೋಡುವ ಆಸೆಯೇ? ಒಂದು ಒಳ್ಳೆಯ ಜೆರಾಕ್ಸ್ ಮಾಡಿಸಿ ಫ್ರೇಮ್ ಹಾಕಿಸಿ. ಅಸಲಿ ಡಬ್ಬಿಯಲ್ಲೇ ಇರಲಿ.