ಹಾಲಿನ ಪುಡಿ ಡಬ್ಬಿಯಲ್ಲಿ ಪಿನ್‌ಹೋಲ್ ಕ್ಯಾಮೆರಾ

ಡಬ್ಬಿ ಯಾವುದಾದರೂ ನಡೆಯುತ್ತದೆ. ತೂತು ಮಾತ್ರ ಹಾಗಲ್ಲ. ಪಿನ್‌ಹೋಲ್ ಕ್ಯಾಮೆರಾದಲ್ಲಿ ಲೆನ್ಸ್ ಇರುವುದಿಲ್ಲ, ಅದರ ಕೆಲಸವನ್ನೆಲ್ಲ ಈ ತೂತೇ ಮಾಡಬೇಕು. ಮಕ್ಕಳಿಗೆ ಕಲಿಸುವಾಗ ನಾನು ಜಾಸ್ತಿ ಹೊತ್ತು ಕೊಡುವುದು ಇದಕ್ಕೇ.

ಹೊಸಪೇಟೆಯಲ್ಲಿರುವ ನಮಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲೆ ಕೋಣೆಯಲ್ಲಿ ರಾಜಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದನ್ನು ಮಕ್ಕಳು ನೋಡಿರುತ್ತಾರೆ. ಬೆಳಕು ನೇರವಾಗಿ ಹೋಗುತ್ತದೆ. ಗೋಪುರದ ತುದಿಯಿಂದ ಬಂದದ್ದು ಸಣ್ಣ ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲೆ. ಡಬ್ಬಿಯೊಳಗೂ ಇಷ್ಟೇ ನಡೆಯುವುದು.

ಸುಮಾರು 10 ಸೆಂಟಿಮೀಟರ್ ಅಗಲದ, ಬಿಗಿ ಮುಚ್ಚಳದ ತಗಡಿನ ಡಬ್ಬಿ ತಗೊಳ್ಳಿ. ಒಳಗೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಮುಚ್ಚಳ ಪ್ಲಾಸ್ಟಿಕ್ಕಿನದಾದರೆ ಬೆಳಕು ನುಸುಳುತ್ತದೆ, ಅದಕ್ಕೆ ಕಪ್ಪು ಟೇಪ್ ಸುತ್ತಿ. ಡಬ್ಬಿಯ ಮಗ್ಗುಲಲ್ಲಿ, ನಡು ಎತ್ತರಕ್ಕೆ, ಮೊಳೆಯಿಂದ ದೊಡ್ಡ ತೂತು ಹೊಡೆಯಿರಿ. ಇದು ಬರೀ ಕಿಟಕಿ. ನಿಜವಾದ ತೂತು ಬೇರೆ ತಗಡಿನಲ್ಲಿ.

ಕೂಲ್‌ಡ್ರಿಂಕ್ ಕ್ಯಾನಿನಿಂದ ಬೆರಳಗಲದ ತುಂಡು ಕತ್ತರಿಸಿ. ರಟ್ಟಿನ ಮೇಲಿಟ್ಟು ಸೂಜಿಯ ತುದಿಯನ್ನು ಮೆಲ್ಲಗೆ ಒತ್ತಿ, ಆಚೆ ಬದಿಗೆ ಗುಬುಟು ಬಂದರೆ ಸಾಕು. ಆ ಗುಬುಟನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಮತ್ತೆ ಸೂಜಿ ತಿರುಗಿಸಿ, ಮತ್ತೆ ಉಜ್ಜಿ. ಅಂಚಿನಲ್ಲಿ ಚೂರು ತಗಡು ಉಳಿದರೂ ಚಿತ್ರ ಮಸುಕಾಗುತ್ತದೆ. ಈ ಡಬ್ಬಿಗೆ ತೂತು 0.4 ಮಿಲಿಮೀಟರ್ ಇದ್ದರೆ ಸರಿ. ದೊಡ್ಡದಾದರೆ ಚಿತ್ರ ಮಂಜುಮಂಜು. ತೀರಾ ಸಣ್ಣದಾದರೂ ಅಷ್ಟೇ, ಬೆಳಕು ಅಂಚಿನಲ್ಲಿ ಬಾಗಿ ಹರಡಿಕೊಳ್ಳುತ್ತದೆ. ಅಳೆಯಲು ತುಂಡನ್ನು 1200 ಡಿಪಿಐಗೆ (ಇಂಚಿಗೆ 1200 ಚುಕ್ಕೆ, ಅಂದರೆ ಪಿಕ್ಸೆಲ್) ಸ್ಕ್ಯಾನ್ ಮಾಡಿ, ತೂತು ಸುಮಾರು 19 ಪಿಕ್ಸೆಲ್ ಅಗಲ ಬರಬೇಕು. ಆಮೇಲೆ ಅದನ್ನು ಕಿಟಕಿಗೆ ಒಳಗಿನಿಂದ ಅಂಟಿಸಿ. ಹೊರಗೆ ಟೇಪಿನ ತುಂಡು, ಅದೇ ನಿಮ್ಮ ಶಟರ್.

ಫಿಲ್ಮಿಗಿಂತ ಕಪ್ಪುಬಿಳುಪು ಫೋಟೊ ಪೇಪರ್ ಒಳ್ಳೆಯದು, ಕೆಂಪು ಸೇಫ್‌ಲೈಟಿನಲ್ಲಿ, ಅಂದರೆ ಪೇಪರನ್ನು ಕೆಡಿಸದ ಮಂದ ಬೆಳಕಿನಲ್ಲಿ, ಮುಟ್ಟಬಹುದು. ರಾತ್ರಿ ಬಚ್ಚಲುಮನೆಯೇ ಡಾರ್ಕ್‌ರೂಮ್. ಹೊಳೆಯುವ ಬದಿ ತೂತಿನ ಕಡೆಗಿರುವಂತೆ ಪೇಪರನ್ನು ಎದುರು ಗೋಡೆಗೆ ಬಾಗಿಸಿ ಕೂರಿಸಿ, ಮುಚ್ಚಳ ಹಾಕಿ.

ಈಗ ಹೊರಗೆ ಬನ್ನಿ. ಡಬ್ಬಿ ಅಲುಗಬಾರದು, ಮೇಲೊಂದು ಕಲ್ಲು ಹೇರಿ. ಟೇಪ್ ತೆಗೆದಿಟ್ಟು ಹೊತ್ತು ಎಣಿಸಿ, ಆಮೇಲೆ ಮತ್ತೆ ಮುಚ್ಚಿ. ಚುರುಗುಟ್ಟುವ ಬಿಸಿಲಿಗೆ ಒಂದು ನಿಮಿಷದಿಂದ ಶುರು ಮಾಡಿ, ಮೋಡವಿದ್ದರೆ ಐದು ನಿಮಿಷ. ಇಷ್ಟು ಹೊತ್ತಿನಲ್ಲಿ ನಡೆದುಹೋಗುವವರು ಚಿತ್ರಕ್ಕೆ ಸಿಗುವುದಿಲ್ಲ, ನಿಲ್ಲಿಸಿದ ಸ್ಕೂಟರ್ ಸಿಗುತ್ತದೆ. ಜನ ತುಂಬಿದ ಬೀದಿ ಖಾಲಿಯಾಗಿ ಬರುವುದು ನನಗೆ ತುಂಬಾ ಇಷ್ಟ.

ಪೇಪರನ್ನು ಮತ್ತೆ ಡಾರ್ಕ್‌ರೂಮಿನಲ್ಲೇ ಹೊರತೆಗೆದು ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ), ನೀರು, ಫಿಕ್ಸರ್ (ಚಿತ್ರವನ್ನು ನಿಲ್ಲಿಸುವ ದ್ರಾವಣ) ಈ ಕ್ರಮದಲ್ಲಿ ಅದ್ದಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಚಿಮಟ ಬಳಸಿ, ಬರಿಗೈ ಹಾಕಬೇಡಿ. ಹೊತ್ತೆಷ್ಟೆಂದು ಪ್ಯಾಕೆಟ್ಟಿನ ಮೇಲೇ ಇರುತ್ತದೆ. ಬರುವುದು ನೆಗೆಟಿವ್, ಬೆಳಕಿದ್ದ ಕಡೆ ಕಪ್ಪು, ಕತ್ತಲಿದ್ದ ಕಡೆ ಬಿಳುಪು. ಒಣಗಿದ ಮೇಲೆ ಫೋನಿನಲ್ಲಿ ಫೋಟೊ ತೆಗೆದು ಬಣ್ಣ ತಿರುವಿಹಾಕಿ. ಎಡಬಲವನ್ನೂ ಫ್ಲಿಪ್ ಮಾಡಿ, ಇಲ್ಲದಿದ್ದರೆ ಅಂಗಡಿ ಬೋರ್ಡಿನ ಅಕ್ಷರಗಳು ಉಲ್ಟಾ ಕಾಣುತ್ತವೆ.

ಪೇಪರ್ ಪೂರ್ತಿ ಕಪ್ಪಾದರೆ ಮುಂದಿನ ಸಲ ಹೊತ್ತು ಅರ್ಧಕ್ಕೆ ಇಳಿಸಿ. ಬೆಳ್ಳಗೇ ಉಳಿದರೆ ಎರಡರಷ್ಟು ಮಾಡಿ. ಎಲ್ಲೋ ಒಂದು ಮೂಲೆಯಲ್ಲಿ ಮಾತ್ರ ಕಪ್ಪು ಪಟ್ಟೆ ಬಂದರೆ ಸಮಯದ ತಪ್ಪಲ್ಲ, ಮುಚ್ಚಳದ ಟೇಪ್ ನೋಡಿ.